ದಹಿಸರ್ ಭಾಗವ್ವನ ನೇರಳೆ ಬುಟ್ಟಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿರಾರಿನಿಂದ ಬಂದ ಲೋಕಲ್ ರೈಲು ದಹಿಸರ್ ಸ್ಟೇಷನ್ನಿನಲ್ಲಿ ನಿಲ್ಲುವ ಮೊದಲೇ ಭಾಗವ್ವ ಬುಟ್ಟಿಯನ್ನು ಸೊಂಟಕ್ಕೇರಿಸಿ ಬಾಗಿಲಿಗೆ ಬಂದಿದ್ದಾಳೆ. ಬುಟ್ಟಿಯಲ್ಲಿ ಮುತ್ತಲ ಎಲೆ, ಅದರ ಮೇಲೆ ವಿರಾರಿನಲ್ಲಿ ಕೊಂಡು ತಂದ ನೇರಳೆ ಹಣ್ಣು. ಸ್ಟೇಷನ್ನಿನ ಹೊರಗೆ ಫುಟ್‌ಪಾತಿನಲ್ಲಿ ಕುಳಿತು ಒಡೆದ ಹಣ್ಣನ್ನು ಬೇರೆ ಮಾಡುತ್ತಾಳೆ. ಉಳಿದದ್ದನ್ನು ತೊಳೆದು, ಉಪ್ಪು ಹಾಕಿ, ಮಡಕೆಯಲ್ಲಿ ಕುಲುಕುತ್ತಾಳೆ. ಒಡೆದ ಹಣ್ಣನ್ನು ಯಾರು ಎಷ್ಟು ಗೋಗರೆದರೂ ಮಾರುವುದಿಲ್ಲ.

ಅವಳ ಬೆನ್ನ ಹಿಂದೆ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಕಾಂತಪ್ಪನವರ ಹೋಟೆಲಿನ ನೆರಳಿರುವ ಕಟ್ಟೆಯಿದೆ. ಕಟ್ಟೆ ಖಾಲಿ. ಭಾಗವ್ವ ಮಾತ್ರ ಹರಿದ ಕೊಡೆಯ ಕೆಳಗೆ. ಈ ಹಟದ ಹಿಂದೆ ಒಂದು ಕತೆಯಿದೆ.

ಭಾಗವ್ವ ಶಹಾಪುರದ ಕಡೆಯವಳು. ಗಂಡ ಮರೆಪ್ಪನ ಜೊತೆ ಭಾಂಡುಪಿಗೆ ಬಂದು ಬಿಲ್ಡಿಂಗ್ ಕೆಲಸದಲ್ಲಿ ಸಿಮೆಂಟು ಹೊತ್ತಳು. ಒಂದು ದಿನ ಬಿದಿರಿನ ಅಟ್ಟಣಿಗೆಯಿಂದ ಕಾಲು ಜಾರಿ ಬಿದ್ದಳು. ನಡು ಹಿಡಿದುಕೊಂಡಿತು, ಕೂಲಿ ಹಚ್ಚುವ ಮುಕಾದಮ ಅವಳ ಜಾಗಕ್ಕೆ ಬೇರೊಬ್ಬಳನ್ನು ಕರೆದುಕೊಂಡ. ಸಂಸಾರ ದಹಿಸರಿನ ಚಾಳಿಗೆ ಬಂದ ಮೇಲೆ ಹಣ್ಣಿನ ಬುಟ್ಟಿ ಹಿಡಿದಳು. ಚಳಿಗೆ ಬಾರೆಹಣ್ಣು, ಆಮೇಲೆ ನೆಲ್ಲಿ, ಬೇಸಗೆಗೆ ಮುಳ್ಳುಕಂಟಿಯ ಹುಳಿ ಕವಳಿ, ಮಳೆಯ ಬಾಯಿಗೆ ನೇರಳೆ. ಮೊನ್ನೆ ಬೇಸಗೆಯಲ್ಲಿ ರೈಲ್ವೆ ಮುಷ್ಕರವಾದಾಗಲೂ ಹಾಲಿನ ಲಾರಿ ಹತ್ತಿಹೋಗಿ ಕವಳಿ ತಂದವಳು ಇವಳು.

ಪೇಟೆಯಲ್ಲಿ ಈ ಹಣ್ಣುಗಳಿಗೆ ಮರ್ಯಾದೆಯಿಲ್ಲ. ಕಾಯಿಲೆಯವರನ್ನು ನೋಡಲು ಹೋಗುವವರು ಸೇಬು, ಮೂಸಂಬಿ ಒಯ್ಯುತ್ತಾರೆ. ಕವಳಿ ಒಯ್ದವರನ್ನು ಯಾರಾದರೂ ಕಂಡಿದ್ದೀರಾ? ಆದರೆ ಈ ಪುಟ್ಟ ಹಣ್ಣುಗಳ ಸಿಪ್ಪೆಯಲ್ಲಿ, ನಾಲಿಗೆ ಹಿಡಿಯುವ ಒಗರಿನಲ್ಲಿ ಮೈಗೆ ಬೇಕಾದ ಸತ್ವವಿದೆ ಎಂದು ವೈದ್ಯರೇ ಹೇಳುತ್ತಾರೆ. ನೆಲ್ಲಿಯಲ್ಲಿ ಸಿ ಜೀವಸತ್ವ ಹೇರಳ, ಕವಳಿಯಲ್ಲಿ ಕಬ್ಬಿಣದ ಅಂಶ. ಭಾಗವ್ವನ ಲೆಕ್ಕ ಇನ್ನೂ ಸರಳ. "ಹೊಟ್ಟಿ ಕೆಟ್ರ ನಮ್ಮವ್ವ ನೇರಳಿ ತಿನ್ನಸ್ತಿದ್ಲು. ಒಳ್ಳೇದ ಮಾಡ್ತೈತಿ. ಆದ್ರ ಹಣ್ಣಂದ್ರ ಹಣ್ಣ ರೀ, ದವಾ ಅಲ್ಲ" ಎನ್ನುತ್ತಾಳೆ.

ಕಾಂತಪ್ಪನವರಿಗೆ ಇಷ್ಟು ತಿಳಿದಿದ್ದರೆ ಸಾಕಿತ್ತು. ಉಡುಪಿಯ ಕಡೆಯ ಈ ಸಜ್ಜನರೇ ಅವಳಿಗೆ ಕಟ್ಟೆಯ ಮೇಲೆ ಜಾಗ ಕೊಟ್ಟವರು. ಅವರಿಗೆ ಸಕ್ಕರೆ ಕಾಯಿಲೆ. ನೇರಳೆ ಸಕ್ಕರೆಯನ್ನು ಇಳಿಸುತ್ತದೆ ಎಂದು ಗಿರಾಕಿಯೊಬ್ಬ ಹೇಳಿದ್ದೇ ತಡ, ದುಡ್ಡು ಎಣಿಸುವ ಗಲ್ಲೆಯಲ್ಲಿ ಕುಳಿತು ಒಂದು ಮೈಸೂರುಪಾಕು ತಿಂದು, ಅದನ್ನು ತೊಳೆದು ಹಾಕಲು ಒಂದು ಹಿಡಿ ನೇರಳೆ ತಿನ್ನತೊಡಗಿದರು. ಗುಳಿಗೆಯನ್ನು ಸದ್ದಿಲ್ಲದೆ ಬಿಟ್ಟರು. ಒಂದು ಮಧ್ಯಾಹ್ನ ಗಲ್ಲೆಯ ಮೇಲೆಯೇ ಕುಸಿದರು.

ಆಸ್ಪತ್ರೆಯಿಂದ ಬಂದ ಅವರ ಹೆಂಡತಿ ವಿನೋದಿನಿ ನೇರವಾಗಿ ಕಟ್ಟೆಗೆ ಬಂದರು. ಗಂಡನ ಮೇಲಿನ ಸಿಟ್ಟು, ಭಯ ಎಲ್ಲವೂ ಬುಟ್ಟಿಯ ಮೇಲೆ ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗಿರಾಕಿಗಳೆಲ್ಲರ ಮುಂದೆ ಅವರು ಕೇಳಿದ್ದು ಒಂದೇ ಮಾತು: "ನಿನ್ನ ಹಣ್ಣಿನಿಂದಲೇ ಇವರಿಗೆ ಹೀಗಾದದ್ದು. ತಪ್ಪಾಯ್ತು ಅಂತ ಹೇಳು, ಇಲ್ಲದಿದ್ದರೆ ಇಲ್ಲಿಂದ ಏಳು."

ಕಟ್ಟೆ ಹೋದರೆ ನೆರಳು ಹೋಯಿತು. ಬಿಸಿಲಿಗೆ ನೇರಳೆ ಮಧ್ಯಾಹ್ನದೊಳಗೆ ಬಾಡುತ್ತದೆ, ಮಳೆಗೆ ಕೊಳೆಯುತ್ತದೆ. ಒಂದು ಮಾತು ಹೇಳಿ ಮುಗಿಸು ಎಂದು ಮರೆಪ್ಪನೂ ಹೇಳಿದ. ಭಾಗವ್ವ ಒಪ್ಪಲಿಲ್ಲ. "ತಪ್ಪ ಮಾಡಿದ್ರ ಕಾಲ ಹಿಡೀತಿದ್ದೆ. ಗುಳಿಗಿ ಬಿಡ್ರಿ ಅಂತ ನಾ ಹೇಳಿಲ್ಲ, ನನ್ನ ಹಣ್ಣೂ ಹೇಳಿಲ್ಲ" ಎಂದು ಬುಟ್ಟಿ ಎತ್ತಿಕೊಂಡು ಕೆಳಗಿಳಿದಳು. ದೂರ ಹೋಗಲಿಲ್ಲ. ಎಲ್ಲರಿಗೂ ಕಾಣುವಂತೆ ಕಟ್ಟೆಯ ಎದುರಿಗೇ ಕುಳಿತಳು. ಹಣ್ಣು ಬಾಡುತ್ತದೆ ಎಂದು ಈಗ ಅರ್ಧ ಬುಟ್ಟಿಯನ್ನಷ್ಟೇ ತರುತ್ತಾಳೆ. ಒಲೆಯ ಮೇಲಿನ ಅಡುಗೆಯೂ ಅದಕ್ಕೆ ತಕ್ಕಷ್ಟೇ.

ಈ ಬೆಳಿಗ್ಗೆ ಕಾಂತಪ್ಪನವರು ಕೋಲೂರಿಕೊಂಡು ಫುಟ್‌ಪಾತಿಗೆ ಇಳಿದಿದ್ದಾರೆ. ಸೊರಗಿದ್ದಾರೆ, ಮುಖದಲ್ಲಿ ನಾಚಿಕೆಯಿದೆ. ನಾಲ್ಕು ಹಣ್ಣು ಕೇಳುತ್ತಾರೆ. ಭಾಗವ್ವ ಮಡಕೆ ಮುಟ್ಟುವ ಮೊದಲು ಕೇಳುತ್ತಾಳೆ: "ಗುಳಿಗಿ ತಗೊಂಡೀರೇನ್ರೀ ಸೇಟ್ರ?"

"ತಗೊಂಡಿದ್ದೇನೆ ಮಾರಾಯ್ತಿ. ಮೈಸೂರುಪಾಕನ್ನೂ ಬಿಟ್ಟಿದ್ದೇನೆ."

ಆಗ ನಾಲ್ಕು ಹಣ್ಣು ಎಣಿಸಿ ಕೊಡುತ್ತಾಳೆ, ಐದನೆಯದಕ್ಕೆ ಕೈಚಾಚಿದರೆ ಮಡಕೆ ಮುಚ್ಚುತ್ತಾಳೆ. ತಪ್ಪೆಲ್ಲ ತನ್ನದೇ, ಕಟ್ಟೆಗೆ ಬಂದು ಕೂತುಕೋ ಎಂದು ಅವರು ಕರೆಯುತ್ತಾರೆ. ಒಳಗೆ ಗಲ್ಲೆಯ ಹತ್ತಿರ ನಿಂತ ವಿನೋದಿನಿ ಇತ್ತ ನೋಡಿ, ಮತ್ತೆ ಚಿಲ್ಲರೆ ಎಣಿಸಲು ತಿರುಗುತ್ತಾರೆ. ಭಾಗವ್ವ ಏಳುವುದಿಲ್ಲ.

ಅವರು ಹೋದ ಮೇಲೆ, ನಿನಗೆ ಇನ್ನೇನು ಬೇಕು ಎಂದು ಹಣ್ಣು ಕೊಳ್ಳುವವರು ಕೇಳಿದರೆ, ಒಳಗಿನ ವಿನೋದಿನಿಯ ಕಡೆ ಒಮ್ಮೆ ನೋಡಿ ಕೊಡೆಯನ್ನು ಬಿಸಿಲಿನ ಕಡೆ ವಾಲಿಸುತ್ತಾಳೆ. "ಓಡಿಸಿದ ಬಾಯೀಲೆ ಅಕ್ಕಾರು ಒಮ್ಮಿ ಬಾ ಅನ್ಲಿ, ಹೋಗ್ತೀನಿ. ಅಲ್ಲೀಮಟ ಈ ಬಿಸಲೂ ನಂದ, ಬರೂ ಮಳೀನೂ ನಂದ."