‘ಇರಲಿ’ ಒಂದು ರಾಶಿ, ‘ಬಿಡಿ’ ಒಂದು ರಾಶಿ

ಬೀದಿದೀಪ ಇನ್ನೂ ಆರಿಲ್ಲ. ಮೂರನೇ ಮಹಡಿಯ ಒಂದೇ ಕೋಣೆಯ ಮನೆಯಲ್ಲಿ, ಹಾಸಿಗೆಯ ಮೇಲೆ ಬಟ್ಟೆಯ ಗುಡ್ಡವೊಂದು ಎದ್ದು ಕೂತಿದೆ. ತಲೆಗೆ ವಸ್ತ್ರ ಕಟ್ಟಿ, ಮೂಗಿಗೆ ಮಾಸ್ಕ್ ಏರಿಸಿ ನಿಂತಿರುವ ಮಡಿಕೆ ಅಕ್ಕನ ಕೈಯಲ್ಲಿ ಒಂಟಿ ಕಾಲುಚೀಲ.

"ಇದರ ಜೋಡಿ ಎಲ್ಲಿದೆಯಮ್ಮ?"

"ಸಿಗುತ್ತೆ ಅಂತ ಇಟ್ಕೊಂಡಿದೀವಿ ಅಕ್ಕ," ಎನ್ನುತ್ತಾಳೆ ಮನೆಯೊಡತಿ.

"ಯಾವಾಗಿಂದ?"

"ಮದುವೆ ಆದಾಗಿಂದ."

ಇಬ್ಬರೂ ನಗುತ್ತಾರೆ. ಕಾಲುಚೀಲ ಬಾಗಿಲ ಬಳಿಯ ‘ಬಿಡಿ’ ರಾಶಿಗೆ ಹೋಗಿ ಬೀಳುತ್ತದೆ.

ಜಾಗವಿಲ್ಲದ ಮನೆಗಳ ಬೀರು ಹಸನು ಮಾಡಿಕೊಡುವುದು ಅಕ್ಕನ ಕಸುಬು. ಇಷ್ಟು ಬೆಳಿಗ್ಗೆ ಬರುವುದಕ್ಕೂ ಕಾರಣವಿದೆ. ಇಂಥ ಮನೆಗಳಲ್ಲಿ ಸಾಮಾನು ಹರಡಲು ಹಾಸಿಗೆ ಬಿಟ್ಟರೆ ಬೇರೆ ಗತಿಯಿಲ್ಲ, ಅದು ಖಾಲಿ ಸಿಗುವುದು ಈ ಹೊತ್ತಿನಲ್ಲಿ ಮಾತ್ರ. ಬೇಕರಿಯಲ್ಲಿ ದುಡಿಯುವ ಮನೆಯೊಡತಿ ಎದ್ದಾಗಿದೆ. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಅವಳ ಗಂಡ ಬಂದು ಅದೇ ಹಾಸಿಗೆಗೆ ಬೀಳುವುದರೊಳಗೆ ಗುಡ್ಡ ಕರಗಬೇಕು.

ಇವತ್ತಿನ ಕೆಲಸ ಮಾತ್ರ ಬರೀ ಬೀರುವಿನದಲ್ಲ. ಮನೆಯೊಡತಿಯ ತಾಯಿ, ತಾವಿದ್ದ ಬಾಡಿಗೆ ಕಟ್ಟಡ ಕೆಡವುತ್ತಾರೆಂದಾಗ, ನಾಲ್ಕು ದಿನ ಇದ್ದು ಹೋಗ್ತೀನಿ ಅಂತ ಮಗಳ ಮನೆಗೆ ಬಂದವರು. ವರ್ಷ ಕಳೆದಿದೆ. ಇಂದಿಗೂ ಅವರ ಬಟ್ಟೆ ಇರುವುದು ಮಂಚದ ಕೆಳಗಿನ ಕಂದು ಸೂಟ್‌ಕೇಸಿನಲ್ಲೇ. ಸ್ನಾನಕ್ಕೆ ಹೋಗುವಾಗ ಎಳೆದು ತೆಗೆಯುತ್ತಾರೆ, ಬಂದ ಮೇಲೆ ಜಿಪ್ ಹಾಕಿ ಒಳಗೆ ತಳ್ಳುತ್ತಾರೆ. ತಮ್ಮ ಹಲ್ಲುಜ್ಜುವ ಬ್ರಷ್ ಕೂಡ ಅದರೊಳಗೇ.

"ದಿನಾ ಬೆಳಿಗ್ಗೆ ಅಮ್ಮ ಜಿಪ್ ಎಳೆದ ಸದ್ದಿಗೆ ನನ್ನ ಎದೆ ಧಸಕ್ ಅನ್ನುತ್ತೆ ಅಕ್ಕ," ಎಂದು ಫೋನಿನಲ್ಲಿ ಹೇಳಿದ್ದಳು ಮಗಳು. "ಹೊರಟೇಬಿಟ್ಟಳೇನೋ ಅಂತ. ಬೀರುವಿನಲ್ಲಿ ಅಮ್ಮನಿಗೊಂದು ಶೆಲ್ಫ್ ಮಾಡಿಕೊಡಿ, ಸಾಕು."

ಅಕ್ಕ ಈ ಕಸುಬಿಗೆ ಬಿದ್ದದ್ದು ಬೇಕಂತಲೇ ಅಲ್ಲ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಅಂಗಿ ಮಡಿಸಿದವರು ಅವರು. ತೋಳು ಹಿಂದಕ್ಕೆ, ಅಂಚು ಒಳಕ್ಕೆ, ಅಂಗೈಯಿಂದ ಒಮ್ಮೆ ನೀವಿ ಬಿಟ್ಟರೆ ಅಂಗಿ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಕಾರ್ಖಾನೆ ಮುಚ್ಚಿದ ಮೇಲೆ ಸುಮ್ಮನೆ ಕೂತಿರಲಾರದೆ ಪಕ್ಕದ ಮನೆಯ ಬೀರು ಜೋಡಿಸಿಕೊಟ್ಟರು. ಆ ಮನೆಯವರು ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ. ಹೀಗೆ ಬಾಯಿಂದ ಬಾಯಿಗೆ ಹೋಗುತ್ತಾ ಅವರ ಹೆಸರು ಮಡಿಕೆ ಅಕ್ಕ ಎಂದೇ ಆಗಿಹೋಯಿತು. "ಒಬ್ಬರು ಫೋನ್ ಮಾಡಿ, ನಿಮ್ಮ ಮಡಿಕೇಲಿ ನೀರು ತಣ್ಣಗಿರುತ್ತಾ ಅಂತ ಕೇಳಿದ್ರು. ನನ್ನ ಮಡಿಕೇಲಿ ನೀರು ನಿಲ್ಲಲ್ಲ ಸ್ವಾಮಿ, ಅಂಗಿ ನಿಲ್ಲುತ್ತೆ ಅಂದೆ," ಎಂದು ತಾವೇ ನಗುತ್ತಾರೆ.

ಎಲ್ಲರೂ ನಗುವುದಿಲ್ಲ. ಬಟ್ಟೆ ಮಡಚೋದಕ್ಕೂ ಆಳು ಬೇಕಾ ಎಂದು ಮೂಗು ಮುರಿದವರು ಬೇಕಾದಷ್ಟು ಜನ. ಹಳೇ ಧೂಳು ಕುಡಿದು ಅಕ್ಕನಿಗೆ ಕೆಮ್ಮು ಅಂಟಿಕೊಂಡಿದೆ. ದಿನಕ್ಕೆ ಒಂದೇ ಮನೆ, ಅದಕ್ಕಿಂತ ಹೆಚ್ಚು ಮಂಡಿ ಒಪ್ಪುವುದಿಲ್ಲ. ಅವರ ಸ್ವಂತ ಮನೆಯಲ್ಲಿ ಬೀರುವೇ ಇಲ್ಲ. ಗೋಡೆಗೆ ಹಲಗೆ, ಅದಕ್ಕೊಂದು ಪರದೆ. "ಊರವರ ಬೀರು ನೋಡೋಕೆ ಚೆಂದ, ನಮ್ಮನೆ ಕುರ್ಚಿ ನೋಡಿದ್ರೆ ಬಟ್ಟೆ ರಾಶಿ ಬಿದ್ದು ಕೂರೋಕೆ ಜಾಗ ಇಲ್ಲ ಅಂತ ನಮ್ಮನೆಯವರು ರೇಗಿಸ್ತಾರೆ. ನಿಜಾನೇ."

ಅವರ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಉಂಟು. ಯಾರೂ ‘ಇರಲಿ ಬಿಡಿ’ ಅನ್ನುವಂತಿಲ್ಲ. ಶುರುವಿನ ದಿನಗಳಲ್ಲಿ ಅಕ್ಕ, ಹೆಂಡತಿ ತೀರಿಹೋದ ಗಡಿಯಾರ ರಿಪೇರಿಯವರೊಬ್ಬರ ಮನೆಗೆ ಹೋಗಿದ್ದರು. ಹೆಂಡತಿಯ ನೀಲಿ ಸ್ವೆಟರ್ ಎತ್ತಿ ಹಿಡಿದು, ಕೊಟ್ಟುಬಿಡಲಾ ಎಂದು ಕೇಳಿದರು. ಅವರು ಕಿಟಕಿಯತ್ತ ನೋಡುತ್ತಾ, "ಇರಲಿ ಬಿಡಿ," ಅಂದರು. ಹೋಗಲಿ ಬಿಡಿ ಅನ್ನುವ ಹಾಗೆ ಅಕ್ಕನಿಗೆ ಕೇಳಿಸಿತು. ಸ್ವೆಟರ್ ದಾನದ ಚೀಲ ಸೇರಿತು. ಸಂಜೆ ಆ ಮನುಷ್ಯ ಹುಡುಕಿಕೊಂಡು ಬಂದು, "ನಾನು ಇರಲಿ ಅಂದಿದ್ದೆನಲ್ಲಮ್ಮ," ಎಂದಷ್ಟೇ ಹೇಳಿ ನಿಂತರು.

"ಹಳೇ ಬಟ್ಟೆ ಅಂಗಡಿ ಎಲ್ಲ ಜಾಲಾಡಿದೆ. ಸಿಗಲಿಲ್ಲ. ಅವರು ಒಂದು ಮಾತೂ ಬೈಯಲಿಲ್ಲ, ಬೈದಿದ್ರೆ ವಾಸಿಯಿತ್ತು," ಎನ್ನುವಾಗ ಅಕ್ಕನ ದನಿ ತಗ್ಗುತ್ತದೆ. "ಅವತ್ತಿಂದ ಹೇಳ್ತೀನಿ. ಇರಲಿ ಅಂದ್ರೆ ಇರಲಿ, ಬಿಡಿ ಅಂದ್ರೆ ಬಿಡಿ. ಎರಡೂ ಒಟ್ಟಿಗೆ ಹೇಳಬೇಡಿ."

ಕಿಟಕಿಯಲ್ಲಿ ಬೆಳಕು ಹರಿದಿದೆ. ತೂತು ಬಿದ್ದ ಟವೆಲ್, ಯಾವ ಫೋನಿಗೂ ಸೇರದ ಚಾರ್ಜರ್, ಕೆಟ್ಟ ಫ್ಯಾನಿನ ರೆಕ್ಕೆ, ಚೀಲದೊಳಗೆ ಚೀಲ ತುರುಕಿದ ಚೀಲ, ಎಲ್ಲವೂ ಒಂದೊಂದಾಗಿ ಬಾಗಿಲ ಕಡೆಗೆ ನಡೆಯುತ್ತವೆ. ಈಗ ಬೀರುವಿನಲ್ಲಿ ಗಾಳಿಯಾಡುತ್ತಿದೆ. ಮೂಲೆಯಲ್ಲಿ ಕೂತಿದ್ದ ತಾಯಿಯನ್ನು ಅಕ್ಕ ಕರೆದು ಬೀರುವಿನ ಮುಂದೆ ನಿಲ್ಲಿಸುತ್ತಾರೆ.

"ಅಮ್ಮ, ಕಣ್ಣು ಮುಚ್ಚಿ ಕೈ ಚಾಚಿ. ಕೈ ಎಲ್ಲಿಗೆ ಹೋಗುತ್ತೋ ಅದೇ ನಿಮ್ಮ ಜಾಗ."

ನೋಯುವ ಭುಜದಿಂದ ಮೇಲೇರದ ಕೈ ಮಧ್ಯದ ಶೆಲ್ಫಿಗೆ ಹೋಗಿ ನಿಲ್ಲುತ್ತದೆ. ಬಗ್ಗುವುದು ಬೇಡ, ಎಟುಕಿಸುವುದು ಬೇಡ, ಬೀರುವಿನಲ್ಲೇ ಒಳ್ಳೆಯ ಜಾಗ ಅದು. ತಾಯಿ ಕಣ್ಣು ಬಿಟ್ಟು ನೋಡಿ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ.

"ಇದು ಅಳಿಯಂದಿರ ಅಂಗಿ ಇಡೋ ಜಾಗ. ನನಗ್ಯಾಕಮ್ಮ. ಇವತ್ತೋ ನಾಳೆಯೋ ಹೋಗೋಳು ನಾನು. ಇರಲಿ ಬಿಡಿ."

ಮಗಳ ಮುಖ ಬಾಡುತ್ತದೆ. ಅಕ್ಕ ಮಾಸ್ಕ್ ಕೆಳಗಿಳಿಸುತ್ತಾರೆ.

"ಅಮ್ಮ, ಎರಡರಲ್ಲಿ ಒಂದು ಹೇಳಿ."

ತಾಯಿ ಖಾಲಿ ಶೆಲ್ಫನ್ನು ನೋಡುತ್ತಾರೆ, ಮಗಳನ್ನು ನೋಡುತ್ತಾರೆ. ಮಗಳು ಮುಂದೆ ಬಂದು ಆ ಶೆಲ್ಫನ್ನು ಅಂಗೈಯಿಂದ ಒರೆಸುತ್ತಾಳೆ. ತಾಯಿಗೆ ಅಷ್ಟು ಸಾಕಾಗುತ್ತದೆ.

"ಇರಲಿ," ಎನ್ನುತ್ತಾರೆ.

ಮುಂದಿನ ಕೆಲಸಕ್ಕೆ ಅಕ್ಕ ಕೈ ಹಚ್ಚುವುದಿಲ್ಲ. ಮಂಚದ ಕೆಳಗಿಂದ ಮಗಳು ಸೂಟ್‌ಕೇಸ್ ಎಳೆಯುತ್ತಾಳೆ, ತಾಯಿ ಒಂದೊಂದೇ ಬಟ್ಟೆ ತೆಗೆದು ಕೊಡುತ್ತಾರೆ. ಮಗಳ ಮಡಿಕೆ ಸೊಟ್ಟಗಿದೆ, ಅಕ್ಕ ನೋಡಿಯೂ ನೋಡದವರಂತೆ ಬಾಗಿಲ ಬಳಿಯ ಚೀಲಗಳ ಬಾಯಿ ಕಟ್ಟುತ್ತಾರೆ. ಕೊನೆಗೆ ಬ್ರಷ್ ಹೊರಬಂದು ಬಚ್ಚಲಿನ ಲೋಟ ಸೇರುತ್ತದೆ. ಮೆಟ್ಟಿಲಲ್ಲಿ ಅಳಿಯನ ಬೂಟಿನ ಸದ್ದು ಕೇಳಿಸುವಷ್ಟರಲ್ಲಿ ಹಾಸಿಗೆ ಖಾಲಿ.

"ಮತ್ತೆ ಬಾಮ್ಮ," ಎನ್ನುತ್ತಾರೆ ತಾಯಿ.

"ಬೇರೆ ಕೆಲಸಕ್ಕೆ ಕರೀರಿ, ಬರ್ತೀನಿ. ಇದೇ ಕೆಲಸಕ್ಕೆ ಮತ್ತೆ ಕರೆದ್ರೆ ನಾನು ಸೋತ ಹಾಗೆ," ಎಂದು ಅಕ್ಕ ಚಪ್ಪಲಿ ಮೆಟ್ಟುತ್ತಾರೆ. ಒಮ್ಮೆ ಹೋದ ಮನೆಯಿಂದ ಮತ್ತೆ ಕರೆ ಬಾರದಿದ್ದರೆ ಅದೇ ಅವರಿಗೆ ದೊಡ್ಡ ಶಾಭಾಸ್‌ಗಿರಿ.

ಆಗ ತಾಯಿ ಸೂಟ್‌ಕೇಸನ್ನು ಕಾಲಿಂದ ಮೆಲ್ಲಗೆ ಬಾಗಿಲಾಚೆ ನೂಕುತ್ತಾರೆ. "ಇದು ಬಿಡಿ."

ಕೆಳಗೆ ಬೀದಿಯಲ್ಲಿ, ಪೇಪರ್ ಹಾಕುವವನು ಸೈಕಲ್ ನಿಲ್ಲಿಸಿ ಅಕ್ಕನನ್ನೂ ಕೈಯಲ್ಲಿದ್ದ ಕಂದು ಸೂಟ್‌ಕೇಸನ್ನೂ ನೋಡುತ್ತಾನೆ. "ಏನಕ್ಕ, ಬೆಳಬೆಳಿಗ್ಗೆ ಊರಿಗೆ ಹೊರಟ್ರಾ?"

"ಇಲ್ಲಪ್ಪ," ಎನ್ನುತ್ತಾರೆ ಅಕ್ಕ, ಹಗುರ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸುತ್ತಾ. "ಒಬ್ಬರು ಇಲ್ಲೇ ಉಳ್ಕೊಂಡ್ರು."