ಮಗ್ಗದ ಗುಂಡಿಯ ನೈದಿಲೆ

ನಮ್ಮ ಮನೆಯ ಹಿಂಭಾಗದಲ್ಲಿ ಹೆಂಚಿಲ್ಲದ ಒಂದು ಕೋಣೆಯಿದೆ. ಗೋಡೆಗಳಿವೆ, ಬಾಗಿಲ ಚೌಕಟ್ಟಿದೆ, ಹೊಸ್ತಿಲಿದೆ, ಮೇಲೆ ಆಕಾಶ. ನಮ್ಮತ್ತೆ ಕೈಮಗ್ಗ ನೇಯುತ್ತಿದ್ದ ಜಾಗ ಅದು. ಆ ಕಾಲದಲ್ಲಿ ನೇಯುವವರು ಕಾಲು ಇಳಿಬಿಟ್ಟು ತುಳಿಯಲೆಂದು ನೆಲದಲ್ಲಿ ಗುಂಡಿ ತೋಡಿರುತ್ತಿದ್ದರು. ದೊಡ್ಡಬಳ್ಳಾಪುರದ ನಮ್ಮ ಬೀದಿಗೆಲ್ಲ ಕರೆಂಟಿನ ಮಗ್ಗ ಬಂದ ಮೇಲೆ ಜನ ಗುಂಡಿ ಮುಚ್ಚಿ ಟೈಲ್ಸ್ ಹಾಕಿಸಿದರು. ಅತ್ತೆ ಮುಚ್ಚಿಸಲಿಲ್ಲ. ಹೆಂಚು ಇಳಿಸಿದ ವರ್ಷ ಗುಂಡಿಯನ್ನು ಅಗಲ ಮಾಡಿಸಿ, ಸಿಮೆಂಟು ಬಳಿಸಿ, ನೀರು ತುಂಬಿಸಿದರು. ಸುತ್ತ ಕನಕಾಂಬರ, ದಾಸವಾಳ. ನೀರಿನಲ್ಲಿ ಸಣ್ಣ ಮೀನುಗಳು, ಕುಂದಾಣದ ಕಡೆಯ ಒಂದು ಕೆರೆಯಿಂದ ತಂದ ಕೆಂಪು ನೈದಿಲೆ.

ನಾನು ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತೇನೆ. ಶಿಫ್ಟ್ ಮುಗಿಸಿ ಬಂದಾಗ ಅತ್ತೆ ಕೊಳದ ಅಂಚಿನಲ್ಲಿ, ಮಗ್ಗಕ್ಕೆ ಕೂತಂತೆಯೇ, ಕಾಲು ನೀರಿಗೆ ಬಿಟ್ಟುಕೊಂಡು ಕೂತಿರುತ್ತಿದ್ದರು. ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಹಳದಿಯಾದ ಎಲೆಯನ್ನು ತೊಟ್ಟಿನ ಬುಡದವರೆಗೆ ಕೈಬಿಟ್ಟು ಚಿವುಟಬೇಕು, ಅಂತರಗಂಗೆ ಅರ್ಧ ಕೊಳಕ್ಕಿಂತ ಹೆಚ್ಚು ಹಬ್ಬಿದರೆ ಬಾಚಿ ಗಿಡದ ಬುಡಕ್ಕೆ ಹಾಕಬೇಕು, ಎಲೆಗೆ ಹೇನು ಹತ್ತಿದರೆ ಅದನ್ನು ನೀರಿನೊಳಗೆ ಅದ್ದಿ ಮೀನಿಗೆ ಬಿಡಬೇಕು. ಇವೆಲ್ಲ ನನಗೆ ಹಾಗೆ ಕೂತಲ್ಲೇ ಬಂದದ್ದು. ಬೋರ್‌ವೆಲ್ ನೀರನ್ನು ಅವರು ಕೊಳಕ್ಕೆ ಸೇರಿಸುತ್ತಿರಲಿಲ್ಲ. ಆ ನೀರಿನಲ್ಲಿ ಬಣ್ಣ ಹಾಕಿದರೆ ರೇಷ್ಮೆ ಮಂಕಾಗುತ್ತದೆ ಎಂಬುದು ಅವರ ಅನುಭವ. ಹೂವೂ ಮಂಕಾಗುತ್ತದೆ ಎಂಬುದು ಅವರ ತೀರ್ಮಾನ.

ಒಮ್ಮೆ ನಾನು ಮೊಗ್ಗನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

"ಲೇ, ಕೈ ತೆಗಿಯೇ. ಅದೇನು ಅಂಗಡಿ ಸೀರೆನಾ, ಬಿಚ್ಚಿ ತೋರ್ಸೋಕೆ? ರಾತ್ರಿ ತಾನೇ ಬಿಚ್ಕೊಳ್ಳುತ್ತೆ."

"ಈ ವಾರ ರಾತ್ರಿ ನಾನು ಡ್ಯೂಟೀಲಿ ಇರ್ತೀನಲ್ಲ ಅತ್ತೆ."

"ಅದಕ್ಕೆ? ನೀನು ಬರೋವರ್ಗೂ ಕಾಯ್ತಾ ಇರು ಅಂತ ಹೇಳ್ಲಾ?"

ಹೋದ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಸೂತಕ ಕಳೆಯುವ ದಿನ ನಮ್ಮಲ್ಲಿ ಮನೆಯೊಳಗೆ ತುಂಬಿಟ್ಟ ನೀರನ್ನೆಲ್ಲ ಚೆಲ್ಲುತ್ತಾರೆ. ಹಂಡೆ, ಕೊಡ, ಸಂಪು, ಯಾವುದನ್ನೂ ಬಿಡುವಂತಿಲ್ಲ. ನಾನು ನೆಂಟರ ಮನೆಯಿಂದ ದೊಡ್ಡ ಪಾತ್ರೆಗಳನ್ನು ತರಲು ಹೋಗಿದ್ದೆ. ಬಂದು ನೋಡಿದರೆ ಕೊಳ ಖಾಲಿ. ತಳ ತೆಂಗಿನ ನಾರಿನಿಂದ ಉಜ್ಜಿ ಬೆಳ್ಳಗಾಗಿತ್ತು. ಮೇಲೆ ಅರಿಶಿನದ ನೀರು ಚಿಮುಕಿಸಿದ್ದರು. ಅದನ್ನು ಮಾಡಿದವಳು ಹೊಸಕೋಟೆಗೆ ಕೊಟ್ಟಿರುವ ನನ್ನ ನಾದಿನಿ, ಅತ್ತೆಯ ಒಬ್ಬಳೇ ಮಗಳು. ಮೀನುಗಳನ್ನು ಜೋಪಾನವಾಗಿ ಬಕೆಟ್ಟಿಗೆ ಬಿಟ್ಟಿದ್ದಳು. ನೈದಿಲೆಯನ್ನು ಕೆಸರಿನ ಜೊತೆ ಎಸೆದಿದ್ದಳು.

"ಏನು ಮಾಡ್ದೆ ನೀನು?" ಎಂದೆ.

"ಹೊಸ್ತಿಲ ಒಳಗಿರೋ ನೀರಲ್ವಾ ಅತ್ಗೆ? ಬಿಟ್ರೆ ಹೆಂಗೆ?" ಎಂದಳು. ಆಮೇಲೆ ನನ್ನ ಮುಖ ನೋಡಿ, "ಅದು ಕೊಳ ಅಂತ ನಂಗೆ ತೋಚ್ಲೇ ಇಲ್ಲ. ನಂಗೆ ಅದಿನ್ನೂ ಅಮ್ಮನ ಮಗ್ಗದ ಗುಂಡೀನೇ" ಎಂದು ಅಲ್ಲೇ ಅಂಚಿನಲ್ಲಿ ಕೂತಳು.

ಅವಳ ತಪ್ಪಾದರೂ ಏನು? ಆ ಗುಂಡಿಯಲ್ಲಿ ಅಮ್ಮನ ಕಾಲ ಬಳಿ ಆಡಿಕೊಂಡು ಬೆಳೆದವಳು ಅವಳು.

ಮರುದಿನ ನೆಂಟರು ಹೊರಟ ಮೇಲೆ ನೋಡಿದರೆ ದಾಸವಾಳದ ಬುಡದಲ್ಲಿ ಕೆಸರಿನ ರಾಶಿ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಕೈಯಿಂದ ಕೆದಕಿದೆ. ಎಲೆಗಳೆಲ್ಲ ಹಪ್ಪಳವಾಗಿದ್ದವು. ಗಡ್ಡೆ ಸಿಕ್ಕಿತು. ಒತ್ತಿ ನೋಡಿದರೆ ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಗಟ್ಟಿ. ಗಟ್ಟಿಯಿದ್ದ ಕಡೆ ಇನ್ನೂ ಜೀವವಿದೆ ಎಂದು ನನಗೆ ಖಾತ್ರಿಯಾಯಿತು.

ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಬಿಡೆ, ದೇವನಹಳ್ಳಿ ರೋಡಲ್ಲಿ ನರ್ಸರಿಗಳಿವೆ. ಬಣ್ಣಬಣ್ಣದ್ದು ತರೋಣ."

"ನರ್ಸರೀದು ಅತ್ತೆ ನೆಟ್ಟಿದ್ದು ಆಗುತ್ತಾ?"

ಮಾರನೆಯ ದಿನ ಅವರು ಬೈಕಿನಲ್ಲಿ ಒಂದು ಚೀಲ ಕೆರೆಗೋಡು ಮಣ್ಣು ತಂದು ನನ್ನ ಮುಂದೆ ಇಳಿಸಿದರು.

ಕೊಳೆತ ಭಾಗವನ್ನು ಕುಯ್ದು ತೆಗೆದೆ. ಹಳೆಯ ಬೇಸಿನ್ನಿಗೆ ಗೋಡು ತುಂಬಿ ಗಡ್ಡೆಯನ್ನು ಓರೆಯಾಗಿ ಇಟ್ಟೆ. ಚಿಗುರುವ ತುದಿ ಮಣ್ಣಿನಿಂದ ಆಚೆ ಇರಬೇಕು, ಹೂತರೆ ಕೊಳೆಯುತ್ತದೆ. ಮೀನು ಕೆದಕದಂತೆ ಮೇಲೆ ಜಲ್ಲಿ ಹರಡಿದೆ. ಗೊಬ್ಬರ ಹಾಕಲಿಲ್ಲ. ಬೇರಿಲ್ಲದ ಗಡ್ಡೆಗೆ ಗೊಬ್ಬರ ಹಾಕುವುದೆಂದರೆ ಜ್ವರದವರಿಗೆ ಒಬ್ಬಟ್ಟು ಬಡಿಸಿದಂತೆ. ಮಾಳಿಗೆಯ ಡ್ರಮ್ಮಿನಲ್ಲಿ ಉಳಿದಿದ್ದ ಮಳೆನೀರನ್ನು ತುಂಬಿದೆ. ಆಳಕ್ಕೆ ಇಳಿಸಿದರೆ ಎಳೆ ಎಲೆಗೆ ಬೆಳಕು ಸಿಗದು. ಅದಕ್ಕೆ ಇಟ್ಟಿಗೆಗಳನ್ನು ಪೇರಿಸಿ ಬೇಸಿನ್ನನ್ನು ನೀರಿನ ಮೇಲ್ಮೈಗೆ ಹತ್ತಿರವಾಗಿಯೇ ಕೂರಿಸಿದೆ. ಇಷ್ಟನ್ನು ಯಾರನ್ನೂ ಕೇಳದೆ ಮಾಡಿದೆ. ಕೈ ಒಮ್ಮೆಯೂ ಅನುಮಾನಿಸಲಿಲ್ಲ.

ಕೆಲಸದಿಂದ ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ಅಲ್ಲಿಗೇ ಹೋಗುತ್ತಿದ್ದೆ. ಬಹಳ ದಿನ ಏನೂ ಇರಲಿಲ್ಲ. ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಒಂದು ಸಂಜೆ ನೀರಿನೊಳಗೆ ಕಂದುಗೆಂಪು ಸುರುಳಿಯೊಂದು ಕಂಡಿತು. ಅವತ್ತು ಅತ್ತೆ ಹೋದ ಮೇಲೆ ಮೊದಲ ಸಲ ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಎಲೆ ಮೇಲೆ ಬಂದ ಹಾಗೆಲ್ಲ ಒಂದೊಂದೇ ಇಟ್ಟಿಗೆ ತೆಗೆದು ಬೇಸಿನ್ನನ್ನು ಇಳಿಸುತ್ತ ಹೋದೆ. ದೀಪಾವಳಿಯ ಹೊತ್ತಿಗೆ ಹೂ ಬಿಟ್ಟಿತು. ಅದೇ ಕೆಂಪು.

ವರ್ಷದ ತಿಥಿಗೆ ನಾದಿನಿ ಬಂದಳು. ಊಟವಾದ ಮೇಲೆ ಹಿಂದಿನ ಕೋಣೆಗೆ ಹೋಗಿ ಕೊಳಕ್ಕೆ ಬಗ್ಗಿ ನೋಡಿದಳು. ಗಿಡ ಬೇಸಿನ್ ತುಂಬಿ ಅಂಚು ದಾಟಿತ್ತು.

"ಅದೇನಾ ಅತ್ಗೆ?"

"ಅದೇ. ಒಂದು ತುಂಡು ತಗೊಂಡು ಹೋಗು" ಎಂದು ಸೀರೆ ಎತ್ತಿ ಕಟ್ಟಿ ಚಾಕು ಹಿಡಿದು ನೀರಿಗಿಳಿದೆ.

"ಅಯ್ಯೋ, ಈಗ ತಾನೆ ಬದುಕಿದೆ, ಮತ್ತೆ ಚಾಕು ಹಿಡಿದ್ಯಲ್ಲ!"

"ಇಷ್ಟು ಇರುಕಾದ್ರೆ ಹೂ ಬಿಡಲ್ಲ ಕಣೆ. ಕುಯ್ದ್ರೆ ಎರಡಕ್ಕೂ ಒಳ್ಳೇದು."

ಚಿಗುರಿರುವ ಕವಲು ನೋಡಿ ಒಂದೇ ಏಟಿಗೆ ಕುಯ್ದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟಾಗ ಮಗುವಿನಂತೆ ಎದೆಗೆ ಒತ್ತಿಕೊಂಡಳು. ಸೀರೆಗೆ ಕೆಸರಾದದ್ದು ಅವಳಿಗೆ ಗೊತ್ತಾಗಲಿಲ್ಲ.

ಬಸ್ಸಿಗೆ ಹೊರಡುವಾಗ ಬಾಗಿಲಲ್ಲಿ ತಿರುಗಿ, "ನಾನು ಹೊಸ್ತಿಲ ಹೊರಗಡೇನೇ ತೊಟ್ಟಿ ಕಟ್ಟಿಸ್ತೀನಿ ಬಿಡು. ನಾನು ಹೋದಾಗ ಯಾರೂ ಚೆಲ್ಲೋ ಹಂಗಿರಬಾರ್ದು" ಎಂದಳು. ಇಬ್ಬರೂ ನಕ್ಕೆವು.

ಅವಳು ಹೋದ ಮೇಲೆ ನನ್ನ ಪಾಲಿನ ಗಡ್ಡೆಗೆ ಹೊಸ ಗೋಡು ಹಾಕಿ ಕೊಳಕ್ಕೆ ಇಳಿಸಿದೆ. ಕೆಸರು ತಿಳಿಯಾಗುವವರೆಗೆ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಮೀನುಗಳು ಬಂದು ಪಾದ ಕಚ್ಚಿದವು.