ಟಚ್‌ಪ್ಯಾಡ್ ಮೇಲಿನ ಹೆಬ್ಬೆರಳು

ಲ್ಯಾಪ್‌ಟಾಪ್ ಕೊಳ್ಳುವವರಿಗೆ ನನ್ನದೊಂದು ಮಾತು: ಮೌಸ್ ಬೇಡ ಅಂತ ಹೇಳಿ ರೇಟು ಇಳಿಸಬೇಡಿ. ಚಿಕ್ಕಮಗಳೂರಿನ ಅಂಗಡಿಯಲ್ಲಿ ನಾನು ಹಾಗೇ ಇಳಿಸಿದೆ. ಗೆದ್ದೆ ಅಂತ ಕಳಸದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮೀಸೆ ತಿರುವಿಕೊಂಡು ಬಂದೆ.

ನಮ್ಮ ಕಡೆ ಹೋಂಸ್ಟೇಗಳು ಆಗಷ್ಟೇ ಶುರುವಾಗಿದ್ದ ಕಾಲ. ಕಾಫಿ ವ್ಯಾಪಾರದ ಜೊತೆಗೆ ನಾನೂ ಗುಡ್ಡದ ಮೇಲಿನ ತೋಟದಲ್ಲಿ ನಾಲ್ಕು ರೂಮು ಕಟ್ಟಿಸಿದ್ದೆ. ಬೇಸಿಗೆಯಲ್ಲಿ ಜನ ಬರುತ್ತಿದ್ದರು. ಮಳೆ ಹಿಡಿದರೆ ಆ ರೂಮುಗಳಿಗೆ ಬೂಷ್ಟು ಬಿಟ್ಟರೆ ಬೇರೆ ಗಿರಾಕಿ ಇಲ್ಲ.

ಅಷ್ಟರಲ್ಲಿ ಪ್ರವಾಸದ ಗುಂಪುಗಳನ್ನು ಕರೆತರುವ ಮಂಗಳೂರಿನವರೊಬ್ಬರು ಕಳಸದ ನಮ್ಮ ಮನೆಗೆ ಬಂದರು. ಮಳೆಗಾಲ ಪೂರ್ತಿ ನಾಲ್ಕೂ ರೂಮು ಹಿಡಿಯುವ ಮಾತು. ಗುಡ್ಡ ಹತ್ತಲು ಪುರುಸೊತ್ತಿಲ್ಲ, ಫೋಟೋ ಸಾಕು ಅಂದರು. ಅವರಿಗೆ ಇದ್ದದ್ದು ಒಂದೇ ಅಂಜಿಕೆ, ಉಂಬಳ. ಕಾಲಿಗೆ ಹತ್ತಿ ರಕ್ತ ಹೀರುವ ಆ ಹುಳ.

"ನಮ್ಮಲ್ಲಿ ಅದರ ಕಾಟ ಏನೂ ಇಲ್ಲ ಸಾರ್" ಅಂದು ಲ್ಯಾಪ್‌ಟಾಪ್ ತೆರೆದೆ.

ಇಲ್ಲಿ ನನ್ನ ಕೈಯ ಸಂಗತಿ ಹೇಳಬೇಕು. ಕಾಫಿ ಬೀಜ ನೋಡುವಾಗ ನಾವು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ತೋರುಬೆರಳಲ್ಲಿ ಒಂದೊಂದೇ ಸರಿಸುತ್ತೇವೆ. ವರ್ಷಗಟ್ಟಲೆ ಹಾಗೆ ಮಾಡಿದ ಕೈ ಟಚ್‌ಪ್ಯಾಡ್ ಮೇಲೂ ಅದನ್ನೇ ಮಾಡಿತು. ಆ ಯಂತ್ರಕ್ಕೋ, ಎರಡು ಬೆರಳು ತಾಗಿ ದೂರ ಸರಿದರೆ ಚಿತ್ರ ಹಿಗ್ಗಿಸು ಅಂತ ಅರ್ಥ. ಮುಂದಿನ ಫೋಟೋಗೆ ಹೋಗಲು ಬೆರಳಾಡಿಸಿದೆ. ಜಗಲಿಯ ಫೋಟೋ ಉಬ್ಬುತ್ತಾ ಉಬ್ಬುತ್ತಾ ಹೋಗಿ ಬಾಗಿಲ ಮೂಲೆಯಲ್ಲಿ ನಿಂತಿತು. ಅಲ್ಲೊಂದು ಕೋಲು. ಅದರ ತುದಿಗೆ ಬಟ್ಟೆಯ ಗಂಟು.

"ಇದೇನು ಯಜಮಾನ್ರೇ?"

"ದೃಷ್ಟಿ ತಾಗದ ಹಾಗೆ ಇಟ್ಟಿದ್ದು ಸಾರ್."

ಕಾಫಿ ತಂದ ನನ್ನ ಹೆಂಡತಿ ಬಗ್ಗಿ ನೋಡಿದಳು. "ಯಾರ ದೃಷ್ಟಿ ರೀ? ಉಂಬಳ ಬಿಡಿಸೋ ಉಪ್ಪಿನ ಕೋಲಲ್ವಾ ಅದು!"

ಗಾಬರಿಯಲ್ಲಿ ಮತ್ತೆ ಸರಿಸಲು ಹೋದೆ. ಉಪ್ಪಿನ ಗಂಟು ಕುಂಬಳಕಾಯಿಯಷ್ಟಾಗಿ ಪರದೆ ತುಂಬಿತು.

"ಆಚೆ ಸರೀರಿ ಮಾರಾಯ್ರೆ" ಅಂತ ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಕ್ಕಿಯಿಂದ ಕಲ್ಲು ಸರಿಸುವ ಹಾಗೆ ಒಂದೇ ಬೆರಳಲ್ಲಿ ಮುಂದಿನ ಫೋಟೋ ತಂದಳು. "ಮಳೆಯಲ್ಲಿ ಉಂಬಳ ಇಲ್ಲದ ತೋಟ ಎಲ್ಲಾದ್ರೂ ಇದ್ರೆ ಹೇಳಿ ಸಾರ್, ನಾವೂ ನೋಡ್ಕೊಂಡು ಬರ್ತೇವೆ. ದಪ್ಪ ಬಟ್ಟೆಯ ಉದ್ದ ಕಾಲುಚೀಲ ಹಾಕ್ಕೊಂಡ್ರೆ ಹತ್ತೋದಿಲ್ಲ. ಎಲ್ಲರಿಗೂ ನಾವೇ ಕೊಡ್ತೇವೆ."

ಬಂದವರು ಕಾಫಿ ಕುಡಿದು ಲೋಟ ಕೆಳಗಿಟ್ಟರು. ಇನ್ನೇನು ಏಳುತ್ತಾರೆ ಅಂತ ನಾನು ಲ್ಯಾಪ್‌ಟಾಪ್ ಮುಚ್ಚಿದೆ.

"ಅಮ್ಮ ಹೇಳಿದ್ದಕ್ಕೆ ರೂಮು ಹಿಡೀತೇನೆ. ಯಜಮಾನ್ರು ಹೇಳಿದ್ದಕ್ಕೆ ಬಾಡಿಗೆ ಇಳಿಸ್ತೇನೆ."

ಇಳಿಸಿದರು. ಚೌಕಾಸಿಯಲ್ಲಿ ನಾನು ಬಾಯಿ ಮುಚ್ಚಿಕೊಂಡು ತಲೆಯಾಡಿಸಿದ್ದು ಅದೊಂದೇ ಸಲ.

ಅವರ ಜೀಪು ಹೋದ ಮೇಲೆ ಕೇಳಿದೆ, "ಅಷ್ಟು ಕಾಲುಚೀಲ ಯಾರು ಹೊಲಿಯೋದು ಮಾರಾಯ್ತಿ?"

"ಮಾತು ಕೊಟ್ಟಿದ್ದು ನಾನು. ಹೊಲಿಯೋದು ನೀವು."

ಆ ಮಳೆಗಾಲ ಒಂದು ರೂಮೂ ಖಾಲಿ ಬೀಳಲಿಲ್ಲ. ಹೊಲಿಯುವವರಿಗೆ ಹೇಳುತ್ತೇನೆ: ಹಿಮ್ಮಡಿಯ ಹತ್ತಿರ ಎರಡು ಸುತ್ತು ಹೊಲಿಗೆ ಹಾಕಿ. ಒಂದೇ ಸುತ್ತಾದರೆ ಉಂಬಳ ನುಗ್ಗುತ್ತದೆ, ಗಿರಾಕಿ ಬೈಯುತ್ತಾನೆ.